ಕಂಬಳಿ ಸುಟ್ಟ ವಾಸನೆ

ಮಹಾಲಿಂಗಪುರದ ಬೆಲ್ಲದ ಪೇಟೆಯ ಹಿಂದಿನ ಓಣಿಯಲ್ಲಿ ಆ ವರ್ಷ ಕಂಬಳಿಗಳಿಗೆ ಬೆಂಕಿ ಹತ್ತುವುದು ವಿಪರೀತವಾಯಿತು. ಅದೂ ಯಲ್ಲಾಲಿಂಗನ ಮನೆಯಲ್ಲಿ ಮಾತ್ರ, ಅದೂ ರವಿವಾರ ಮಾತ್ರ. ಬೆಳಿಗ್ಗೆ ಅವನ ಹಿತ್ತಲಿನಿಂದ ಉಣ್ಣೆ ಸುಟ್ಟಂಥ ಕಮಟು ವಾಸನೆ ಏಳುತ್ತಿತ್ತು. ಪಕ್ಕದ ಮನೆಯ ಶಂಕ್ರೆವ್ವ ಗೋಡೆಯ ಮೇಲಿಂದ ತಲೆ ಹಾಕಿ, ಓಣಿಯ ಆ ತುದಿಗೂ ಕೇಳುವಂತೆ, “ಏ ಯಲ್ಲಾಲಿಂಗಾ, ಕಂಬಳಿ ಸುಡಾಕತ್ತೈತೇನೋ?” ಎಂದು ಕೂಗುತ್ತಿದ್ದಳು. “ಹೌದವ್ವಾ, ಮತ್ತೊಂದು ಹೋತು!” ಎಂದು ಯಲ್ಲಾಲಿಂಗ ಅಷ್ಟೇ ಗಟ್ಟಿಯಾಗಿ ಹೇಳುತ್ತಿದ್ದ.

ಒಂದು ಮನೆಯಲ್ಲಿ ಇಷ್ಟೊಂದು ಕಂಬಳಿ ಎಲ್ಲಿಂದ ಬಂದವು, ಅವು ವಾರಕ್ಕೊಂದರಂತೆ ಒಲೆಗೆ ಹಾರಿ ಯಾಕೆ ಪ್ರಾಣ ಬಿಡುತ್ತವೆ ಎಂದು ಓಣಿಯಲ್ಲಿ ಯಾರೂ ಕೇಳಲಿಲ್ಲ. ಯಾಕೆಂದರೆ ಓಣಿಗೆಲ್ಲ ಗೊತ್ತಿತ್ತು. ಗೊತ್ತಾಗಬಾರದಾಗಿದ್ದುದು ಒಬ್ಬಳಿಗೆ, ಯಲ್ಲಾಲಿಂಗನ ಮಗಳು ಉಮಾಶ್ರೀಗೆ. ಮೂರನೆಯ ಇಯತ್ತೆಯ ಹುಡುಗಿ. ಸುಳ್ಳು ಹೇಳಬಾರದೆಂಬುದನ್ನು ಫೀ ಕೊಟ್ಟು ಕಲಿಯುತ್ತಿದ್ದಳು.

ಯಲ್ಲಾಲಿಂಗನದು ಬೀರಪ್ಪನ ಒಕ್ಕಲು. ಅಪ್ಪ, ಅಜ್ಜ ಎಲ್ಲರೂ ಕುರಿಯ ಹಿಂದೆ ಅಲೆದವರು. ಅವನ ಅವ್ವ ಸುಂದರವ್ವ ಕೃಷ್ಣೆಯ ದಂಡೆಯಲ್ಲಿ, ಕುರಿಹಟ್ಟಿಯ ನಡುವೆಯೇ ಅವನನ್ನು ಹೆತ್ತಿದ್ದಳು. ಅವನು ಮಾತ್ರ ಊರು ಸೇರಿ, ಧರಣೇಂದ್ರ ಸಾವಕಾರರ ಬೆಲ್ಲದ ಅಡತಿ ಅಂಗಡಿಯಲ್ಲಿ ತೂಕ ಕೂಗುವ ಕೆಲಸ ಹಿಡಿದಿದ್ದ. ಅವನ ಪಾಲಿನ ಕುರಿಗಳು ಹಿಪ್ಪರಗಿಯಲ್ಲಿ ಸೋದರಮಾವ ಸಾಬಣ್ಣನ ಹಿಂಡಿನೊಳಗೆ ಮೇಯುತ್ತಿದ್ದವು. ಉಮಾಶ್ರೀ ಸರಕಾರಿ ಸಾಲಿಗೆ ಹೋಗುತ್ತಿದ್ದಳು, ಮಧ್ಯಾಹ್ನ ತತ್ತಿ ಕೊಟ್ಟ ದಿನ ಕುಣಿಯುತ್ತ ಮನೆಗೆ ಬರುತ್ತಿದ್ದಳು. ಎಲ್ಲ ಸುಸೂತ್ರವಾಗಿತ್ತು. ಕೆಡಿಸಿದ್ದು ಒಂದು ನಮಸ್ಕಾರ.

ಮುಧೋಳ ರಸ್ತೆಯ ಸತ್ಯಧಾಮ ವಿದ್ಯಾಕುಲದ ಹುಡುಗನೊಬ್ಬ ತಂದೆಯ ಜೊತೆ ಅಂಗಡಿಗೆ ಬಂದವನು ಕೈಮುಗಿದು, ತಲೆಬಾಗಿ, “ನಮಸ್ಕಾರ ಮಾನ್ಯರೇ, ತಮ್ಮ ದಿನ ಶುಭವಾಗಲಿ” ಎಂದ. ಅದನ್ನೇ ಮತ್ತೆ ಇಂಗ್ಲಿಷಿನಲ್ಲೂ ಅಂದ. ಯಲ್ಲಾಲಿಂಗ ಹಿಂದೆ ತಿರುಗಿ ನೋಡಿದ. ಹಿಂದೆ ಬೆಲ್ಲದ ಪೆಂಟಿಗಳ ಹೊರತು ಯಾರೂ ಇರಲಿಲ್ಲ. ಹುಟ್ಟಿದಾಗಿನಿಂದ ಜನ ಅವನನ್ನು ಲೇ ಅಂದಿದ್ದರು, ಯಲ್ಲ್ಯಾ ಅಂದಿದ್ದರು, ಬಸ್‌ಸ್ಟ್ಯಾಂಡಿನಲ್ಲಿ ಒಬ್ಬ ಕಂಡಕ್ಟರ ಬರೆಯಬಾರದ್ದನ್ನೂ ಅಂದಿದ್ದ. ಮಾನ್ಯರೇ ಅಂದವರಿರಲಿಲ್ಲ. ಆ ದಿನವಿಡೀ ಪಾಪ ಅವನು ತಪ್ಪು ತಪ್ಪಾಗಿ ತೂಕ ಕೂಗಿದ.

“ನನ್ನ ಮಗಳೂ ಹಂಗ ಮಾತಾಡಬೇಕ್ರಿ ಸಾವಕಾರ್ರ” ಎಂದ ಸಂಜೆಗೆ.

ಧರಣೇಂದ್ರರು ತೇರದಾಳದ ಜೈನರು. ಹೊತ್ತು ಮುಳುಗಿದ ಮೇಲೆ ಏನೂ ಉಣ್ಣದವರು. ಊಟಕ್ಕೆ ಏಳುವ ಅವಸರದಲ್ಲೇ ಹೇಳಿದರು: “ನಮ್ಮ ಹುಡುಗ ಕಪಿಲ ಸರಕಾರಿ ಸಾಲಿಗೇ ಹೋಗತಾನಲ್ಲೋ. ತತ್ತಿ ಕೊಟ್ಟ ದಿನ ಅಂವ ಬಾಳಿಹಣ್ಣು ತಗೋತಾನ, ಬಾಜೂದಾಂವ ತತ್ತಿ ತಗೋತಾನ. ಮಗ್ಗಿ ಇಬ್ರೂ ಒಂದ ಹೇಳತಾರ.”

“ಮಾನ್ಯರೇ ಅನ್ನಂಗಿಲ್ಲಲ್ರಿ.”

ಸಾವಕಾರರು ಊಟಕ್ಕೆ ಎದ್ದರು. ಯಲ್ಲಾಲಿಂಗ ಹಿಪ್ಪರಗಿಗೆ ಹೋಗಿ ತನ್ನ ಪಾಲಿನ ಕುರಿಗಳನ್ನೆಲ್ಲ ಮಾರಿ ಬಂದ.

ಸತ್ಯಧಾಮದಲ್ಲಿ ಫೀ ತುಂಬಿದರೆ ಮುಗಿಯುತ್ತಿರಲಿಲ್ಲ. ಇಡೀ ಕುಟುಂಬ ಅಂಗಳದ ಹೋಮಕುಂಡದ ಮುಂದೆ ಕುಳಿತು, ಕೈಯಲ್ಲಿ ನೀರು ಹಿಡಿದು, ಮನೆಯಲ್ಲಿ ಮಾಂಸ, ಮೊಟ್ಟೆ ಬೇಯಿಸುವುದಿಲ್ಲ, ತಿನ್ನುವುದಿಲ್ಲ ಎಂದು ಸಂಕಲ್ಪ ಮಾಡಬೇಕು. ಮುಖ್ಯಸ್ಥರಾದ ಚನಮಲ್ಲಪ್ಪ ಗುರೂಜಿ ಒಳ್ಳೆಯ ಮನುಷ್ಯರು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ನಡೆದದ್ದನ್ನು ಕೇಳಿ ಅವರನ್ನು ಬೈಯಬೇಕೆನಿಸುತ್ತದೆ, ಬೈದು ಪ್ರಯೋಜನವಿಲ್ಲ. ಅವರು ಯಾರಿಗೂ ಗದರಿದವರಲ್ಲ, ಯಾರಿಗೂ ಮೋಸ ಮಾಡಿದವರಲ್ಲ. ತಮಗೆ ಹೇಳಿದ್ದನ್ನೆಲ್ಲ ನಂಬುತ್ತಿದ್ದರು, ಅಷ್ಟೇ. ಸರಕಾರಿ ತತ್ತಿ ತಿಂದಿದ್ದ ಉಮಾಶ್ರೀಯ ಬಾಯಿಯನ್ನು ಅವರೇ ತುಳಸಿ ನೀರಿನಿಂದ ತೊಳೆಸಿದರು.

ಯಲ್ಲಾಲಿಂಗ ಸಂಕಲ್ಪ ಹೇಳಿದ. ಅವನ ಹೆಂಡತಿ ರೇಷ್ಮಾ ತುಟಿ ಅಲ್ಲಾಡಿಸಿದಳು. ಸುಂದರವ್ವ ಮಾತ್ರ ಕೈಯಲ್ಲಿ ನೀರು ಹಿಡಿದುಕೊಂಡೇ ಕೇಳಿದಳು: “ಎಪ್ಪಾ ಸ್ವಾಮಿ, ಕಾಲು ಅದರಾಗ ಬರತಾವೇನ್ರಿ? ಅದು ಬರೇ ಎಲವು ನೋಡ್ರಿ.”

“ಕಾಲು ನೋಯುತ್ತಿದ್ದರೆ ಚಾಚಿ ಕುಳಿತುಕೊಳ್ಳಿ ತಾಯೇ, ದೇವರು ತಪ್ಪು ತಿಳಿಯುವುದಿಲ್ಲ” ಎಂದರು ಗುರೂಜಿ.

ಕುರಿಕಾಲಿಗೆ ದೇವರ ಒಪ್ಪಿಗೆ ಸಿಕ್ಕಿತೆಂದು ತಿಳಿದು ಮುದುಕಿ ನೀರು ಬಿಟ್ಟಳು.

ಸಾಲಿಗೆ ಇನ್ನೊಂದು ಪದ್ಧತಿ ಇತ್ತು. ಶನಿವಾರ ಸತ್ಯಸಭೆ. ಮಕ್ಕಳು ಒಬ್ಬೊಬ್ಬರಾಗಿ ಎದ್ದು, ಕಣ್ಣು ಮುಚ್ಚಿ, ಎದೆಯ ಮೇಲೆ ಕೈಯಿಟ್ಟು, ಆ ವಾರ ಮನೆಯಲ್ಲಿ ನಡೆದದ್ದನ್ನು ಇದ್ದದ್ದು ಇದ್ದಂತೆ ಹೇಳಬೇಕು. ಬೆಳಗಲಿಯ ಹಾಲಿನವನ ಮಗಳು, ಅಪ್ಪ ಹಾಲಿಗೆ ನೀರು ಬೆರೆಸುತ್ತಾನೆ, ಆದರೆ ಸೋಸಿದ ನೀರು ಎಂದಳು. ಬನಹಟ್ಟಿಯಿಂದ ಬರುತ್ತಿದ್ದ ಹುಡುಗನೊಬ್ಬ, ತನ್ನ ಕಾಕಾ ಧಾಬಾದಲ್ಲಿ ತತ್ತಿ ಬುರ್ಜಿ ಕಟ್ಟಿಸಿಕೊಂಡು ಬಂದಿದ್ದ ಎಂದ. ಮರುವಾರ ಹಾಜರಿಯಲ್ಲಿ ಆ ಹುಡುಗನ ಹೆಸರು ಕೂಗಲಿಲ್ಲ. ಎಲ್ಲರಿಗಿಂತ ಸತ್ಯವಂತರಾದ ಮಕ್ಕಳಿಗೆ ಸತ್ಯರತ್ನ ಎಂಬ ಹಿತ್ತಾಳೆಯ ಬಿಲ್ಲೆ ಸಿಗುತ್ತಿತ್ತು. ಸುತ್ತಲ ಊರುಗಳಲ್ಲಿ ಎಷ್ಟೋ ತಂದೆಗಳು ಶುಕ್ರವಾರ ಬಂತೆಂದರೆ ಸ್ವಂತ ಮಕ್ಕಳಿಗೆ ರೀ ಹಚ್ಚಿ ಮಾತಾಡತೊಡಗಿದರು.

ಉಮಾಶ್ರೀ ಬೇಗ ಕಲಿತಳು. ಕೆಲವೇ ತಿಂಗಳಲ್ಲಿ, ಬಾಗಿಲಿಗೆ ಬಂದ ಬಳೆಗಾರನಿಗೂ ಮಾನ್ಯರೇ ಅಂದಳು. ಅವನು ಹೆದರಿ ಬಳೆಗಳನ್ನು ಅಲ್ಲೇ ಬಿಟ್ಟು ಹೊರಟಿದ್ದ. ಯಲ್ಲಾಲಿಂಗ ಮಗಳನ್ನು ನೋಡಿ ನೋಡಿ ಉಬ್ಬಿದ. ಸಾಲಿಯ ಗೇಟಿನ ಮುಂದೆ ನಿಂತರೆ ಮಕ್ಕಳೆಲ್ಲ ಸಾಲಾಗಿ ಮಾನ್ಯರೇ, ಮಾನ್ಯರೇ ಅನ್ನುತ್ತ ಹೋಗುತ್ತಿದ್ದವು. ಅವನು ಕೆಲಸವಿಲ್ಲದೆಯೂ ಅಲ್ಲಿ ಹೋಗಿ ನಿಲ್ಲುತ್ತಿದ್ದ.

ಆಗಲೇ ಸುಂದರವ್ವ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡಳು.

ಜಮಖಂಡಿಯ ಎಲುಬಿನ ಡಾಕ್ಟರು ಪಟ್ಟಿ ಕಟ್ಟಿ, ಗುಳಿಗೆ ಬರೆದು, “ಮುದುಕಿ ಮೈಯಾಗ ಶಕ್ತಿ ಇಲ್ಲ. ಹೊಟ್ಟಿಗೆ ಗಟ್ಟಿಮುಟ್ಟು ಹಾಕ್ರಿ. ತಿನ್ನೋ ಮಂದಿ ಇದ್ರ ವಾರಕ್ಕೊಮ್ಮೆ ಕಾಲಿನ ಸಾರು ಕುಡಸ್ರಿ” ಎಂದರು. ಇಡೀ ಜಮಖಂಡಿಯ ಪ್ರಯಾಣದಲ್ಲಿ ಸುಂದರವ್ವನ ಕಿವಿಗೆ ಬಿದ್ದದ್ದು ಅದೊಂದೇ ಮಾತು. ದಾರಿಯುದ್ದಕ್ಕೂ ಟೆಂಪೋದಲ್ಲಿ ಮಲಗಿಕೊಂಡೇ, “ಡಾಕ್ಟರ್ ಹೇಳ್ಯಾನ, ನಾ ಹೇಳಿಲ್ಲ” ಎನ್ನುತ್ತ ಬಂದಳು.

ಕುರಿಕಾಲಿನ ಸಾರು ಮಾಡುವುದು ಗುಟ್ಟಿನ ಕೆಲಸವಲ್ಲ. ಕಾಲುಗಳನ್ನು ಮೊದಲು ಬೆಂಕಿಯಲ್ಲಿ ಸುಟ್ಟು ಕೂದಲು ಕರಗಿಸಬೇಕು, ಕೆರೆಯಬೇಕು, ಜಜ್ಜಬೇಕು, ಆಮೇಲೆ ಮೆಣಸು, ಉಳ್ಳಾಗಡ್ಡಿ ಹಾಕಿ ಕುದಿಸಬೇಕು. ಸುಡುವಾಗ ಏಳುವ ವಾಸನೆ ಓಣಿಯನ್ನೆಲ್ಲ ಸುತ್ತಿ ಬರುತ್ತದೆ. ಆ ವಾಸನೆಯನ್ನು ಹೋಲುವುದು ಲೋಕದಲ್ಲಿ ಒಂದೇ ಒಂದು, ಸುಡುವ ಕಂಬಳಿ. ಯಲ್ಲಾಲಿಂಗನಿಗೆ ಇದು ಹೊಳೆದಾಗ ತನ್ನ ಬುದ್ಧಿಗೆ ತಾನೇ ಬೆರಗಾದ.

“ಹುಡುಗಿ ಕಣ್ಣಿಗೆ ಬೀಳಬಾರದು ಅಷ್ಟ” ಎಂದ ಹೆಂಡತಿಗೆ. “ಆಕಿ ಕಂಡ್ರ ಶನಿವಾರ ಹೇಳೇ ಹೇಳತಾಳ. ಸುಳ್ಳು ಹೇಳು ಅಂತ ನಾವ ಹೆಂಗ ಕಲಿಸೋದು? ಅದಕ್ಕಂತನ ಕುರಿ ಮಾರೇವು.”

ಶಂಕ್ರೆವ್ವ ಕಟ್ಟಾ ಲಿಂಗವಂತರ ಹೆಣ್ಣುಮಗಳು. “ನನ್ನ ಒಲಿ ಮ್ಯಾಲಂತೂ ಮಾಡಾಕ ಕೊಡಂಗಿಲ್ಲ. ಕೂಗೋದು ಬೇಕಾದ್ರ ಕೂಗತೇನಿ. ಸುಂದರಕ್ಕ ನನ್ನ ಬಾಣಂತನ ಮಾಡ್ಯಾಳ” ಎಂದಳು. ಹಾಗೆ ಕಂಬಳಿಯ ಕೂಗು ಶುರುವಾಯಿತು. ಸಾಬಣ್ಣ ರವಿವಾರ ಹಿಪ್ಪರಗಿಯಿಂದ ಹಾಲಿನ ಕ್ಯಾನಿನಲ್ಲಿ ಕಾಲು ತರುತ್ತಿದ್ದ. ಅಜ್ಜಿ ಕುಡಿಯುವುದು ಏನೆಂದು ಉಮಾಶ್ರೀ ಕೇಳಿದ್ದಕ್ಕೆ ಯಲ್ಲಾಲಿಂಗ ಬೇರೆ ಕಡೆ ನೋಡುತ್ತ, “ಕಷಾಯ ಅವ್ವಾ” ಎಂದ. ಉಮಾಶ್ರೀ ಅಪ್ಪನ ಮುಖವನ್ನು ಸ್ವಲ್ಪ ಹೊತ್ತು ನೋಡಿ, “ಹೌದಾ” ಎಂದು ಅಜ್ಜಿಯ ಕಂಬಳಿಯೊಳಗೆ ನುಸುಳಿದಳು. ಅಜ್ಜಿಯ ಕಥೆ ಕೇಳುವುದು ಅವಳಿಗೆ ಮೊದಲಿನಿಂದ ರೂಢಿ. ರವಿವಾರಗಳಲ್ಲಿ ಆ ಕಂಬಳಿಯೊಳಗೆ ಅಜ್ಜಿ, ಮೊಮ್ಮಗಳು ಬಹಳ ಹೊತ್ತು ಗುಸುಗುಸು ಮಾಡುತ್ತಿದ್ದರು. ಸುಂದರವ್ವ ಗೋಡೆ ಹಿಡಿದು ಕೂಡುವಂತಾದಳು, ಮುಖಕ್ಕೆ ಕಳೆ ಬಂತು, ಸೊಸೆಗೆ ಬೈಯುವಷ್ಟು ದನಿಯೂ ಬಂತು.

ಒಂದು ಶನಿವಾರ ಸಂಜೆ ಸಾಲಿಯ ಹಳದಿ ವ್ಯಾನಿನ ಡ್ರೈವರ್ ಬಾಳೇಶ ಉಮಾಶ್ರೀಯನ್ನು ಇಳಿಸಿ, ತಾನೂ ಇಳಿದು ಬಂದ.

“ಯಲ್ಲಾಲಿಂಗಣ್ಣ, ಇವತ್ತ ಸತ್ಯಸಭೆದಾಗ ನಿಮ್ಮ ಹುಡುಗಿ ಮುದುಕಿ ವಿಷಯ ಹೇಳಿದ್ಳು. ಗುರೂಜಿ ಕೇಳಿ ಗಾಬರಿ ಆದ್ರು.”

ಯಲ್ಲಾಲಿಂಗನಿಗೆ ಬನಹಟ್ಟಿಯ ಹುಡುಗನ ಹೆಸರು ಕೂಗದೇ ಬಿಟ್ಟದ್ದು ಕಿವಿಯಲ್ಲಿ ಕೇಳಿಸಿದಂತಾಯಿತು. “ತಪ್ಪಾತೋ ಬಾಳೇಶ, ಡಾಕ್ಟರ್...” ಎಂದು ಶುರು ಮಾಡಿದ.

“ಸೊಂಟ ಮುರಿದ ಮುದುಕಿ ಎದ್ದು ಕುಂತಾಳಂದ್ರ ಎಂಥಾ ಕಷಾಯ ಇದ್ದೀತು ಅಂದ್ರು. ಅವರ ಮೊಣಕಾಲು ಹಿಡದು ಭಾಳ ದಿನ ಆತು. ನಾಳೆ ಒಂದು ಚರಿಗಿ ಕೊಟ್ಟು ಕಳಸಬೇಕಂತ.”

ವ್ಯಾನು ಹೋದ ಮೇಲೆ ಯಲ್ಲಾಲಿಂಗ ಹೊಸ್ತಿಲ ಮೇಲೆ ಕುಳಿತ. ರೇಷ್ಮಾ, “ಇದ್ದದ್ದು ಹೇಳಿ ಕೈಮುಗದು ಬಂದ್ಬಿಡ್ರಿ. ಸರಕಾರಿ ಸಾಲಿ ಓಡಿ ಹೋಗಿಲ್ಲ” ಎಂದಳು. ಆದರೆ ಯಲ್ಲಾಲಿಂಗನ ಕಣ್ಣ ಮುಂದೆ ಸಾಲಿಯ ಗೇಟು ಬಂತು, ಮಾನ್ಯರೇ ಅನ್ನುವ ಮಕ್ಕಳು ಬಂದರು. ಅಂಗಡಿಗೆ ಓಡಿ ಸಾವಕಾರರ ಮುಂದೆ ಬಾಯಿ ಬಿಟ್ಟ.

ಧರಣೇಂದ್ರರ ಮುಖ ಕಪ್ಪಿಟ್ಟಿತು. “ನೋಡ್ ಯಲ್ಲಾಲಿಂಗ. ನಿಮ್ಮವ್ವ ಏನ ಕುಡೀತಾಳ ಅದು ಆಕಿ ಇಚ್ಛಾ. ನಾ ಏನೂ ಅನ್ನಂಗಿಲ್ಲ. ಆದ್ರ ಗೊತ್ತಿಲ್ಲದವರ ಬಾಯಿಗೆ ಅದನ್ನ ಹಾಕಿದ್ಯೋ, ಈ ಅಂಗಡಿ ಮೆಟ್ಟಲಾ ಹತ್ತಬ್ಯಾಡ.”

“ಬೀರಪ್ಪನ ಆಣಿ, ಅಂಥಾ ಪಾಪ ಮಾಡಂಗಿಲ್ರಿ.”

ಮಾಡಲೂ ಇಲ್ಲ. ಬೇವಿನ ಚಕ್ಕೆ, ಅಮೃತಬಳ್ಳಿ, ಒಣಶುಂಠಿ, ಮೆಣಸು, ಮನೆಯಲ್ಲಿ ಕಹಿ, ಖಾರ ಎಂದು ಏನಿತ್ತೋ ಎಲ್ಲವನ್ನೂ ಕುದಿಸಿ ಒಂದು ಚರಿಗೆ ಕಪ್ಪು ನೀರು ಕಳಿಸಿದ. ಕುಡಿದು ಗುರೂಜಿ ಉಗುಳಿಬಿಟ್ಟರೆ ಪೀಡೆ ಕಳೆಯಿತು ಎಂದುಕೊಂಡಿದ್ದ. ಆದರೆ ಇಷ್ಟು ಕಹಿಯಾದದ್ದು ಸುಳ್ಳಿರಲಾರದು ಎಂದು ಗುರೂಜಿ ನಂಬಿದರು. ನಂಬಿಕೆಯೇ ಹಾಗೆ, ಮೊಣಕಾಲಿಗೂ ಇಳಿಯುತ್ತದೆ. ನಾಲ್ಕು ದಿನಕ್ಕೆ ಅವರು ಕೋಲು ಬಿಟ್ಟು ನಡೆದರು. ಮುಂದಿನ ರವಿವಾರ ಶಿಕ್ಷಕರ ದಂಡು ಕಟ್ಟಿಕೊಂಡು ಮನೆಗೇ ಬಂದರು.

“ತಾಯೇ, ತಾವು ಇದನ್ನು ಸೇವಿಸುವುದನ್ನು ಕಣ್ಣಾರೆ ನೋಡಿ ಧನ್ಯರಾಗಬೇಕು” ಎಂದರು.

ಹಿತ್ತಲಲ್ಲಿ ಸಾಬಣ್ಣ ತಂದ ಕಾಲುಗಳು ಕ್ಯಾನಿನಲ್ಲೇ ಉಳಿದವು. ಯಲ್ಲಾಲಿಂಗ ಅವ್ವನ ಮುಂದೆ ಕಪ್ಪು ನೀರಿನ ಬಟ್ಟಲು ಹಿಡಿದ. ಸುಂದರವ್ವ ಬಟ್ಟಲನ್ನು ನೋಡಿದಳು, ಮಗನನ್ನು ನೋಡಿದಳು, ಬಾಗಿಲಲ್ಲಿ ನಿಂತ ಉಮಾಶ್ರೀಯನ್ನು ನೋಡಿದಳು. ಒಂದೇ ಗುಟುಕಿಗೆ ಕುಡಿದಳು. ಕಣ್ಣಿನಲ್ಲಿ ನೀರು ಬಂತು. ಗುರೂಜಿಯೂ ಭಾವುಕರಾದರು.

“ಹೇಗಿದೆ ತಾಯೇ?”

“ಏನ ಹೇಳ್ಲಿ ಎಪ್ಪಾ. ಹಿಂಗ ಐತಿ.”

ಅಂದಿನಿಂದ ಆ ಮನೆಗೆ ಮೊಣಕಾಲುಗಳ ಮೆರವಣಿಗೆ ಶುರುವಾಯಿತು. ಮುಧೋಳದ ಕೀಲುಗಳು, ಬೀಳಗಿಯ ಸೊಂಟಗಳು, ರಬಕವಿಯ ಬೆನ್ನುಗಳು ಟಂಟಂ ರಿಕ್ಷಾ ಹಿಡಿದು ಬಂದವು. ಬಂದವರೆಲ್ಲ ಕಷಾಯದ ಅಜ್ಜಿಯನ್ನು ನೋಡಬೇಕು, ಆಕೆಯೂ ಕುಡಿದದ್ದನ್ನು ನೋಡಿ ತಾವು ಕುಡಿಯಬೇಕು. ರವಿವಾರ ಜಾಸ್ತಿ. ಹಿತ್ತಲ ಒಲೆಯ ಮೇಲೆ ಹಂಡೆ ಏರಿತು. ಕಾಲು ಸುಡುವ ಮಾತೇ ಉಳಿಯಲಿಲ್ಲ. ಸಾಬಣ್ಣ ಎರಡು ರವಿವಾರ ಕ್ಯಾನು ಹಿಡಿದು ಬಂದು, ಹೊರಗಿನಿಂದಲೇ ಮಂದಿ ನೋಡಿ ಹಿಂದಿರುಗಿದ. ಮೂರನೆಯ ಸಲ ಗುರೂಜಿಯೇ ಎದುರು ಸಿಕ್ಕು, “ಹಾಲೇ? ತನ್ನಿ, ಕಷಾಯಕ್ಕೆ ಬೆರೆಸೋಣ” ಎಂದು ಕೈ ಚಾಚಿದರು. ಸಾಬಣ್ಣ ಕ್ಯಾನು ಅಪ್ಪಿಕೊಂಡು ಬಸ್‌ಸ್ಟ್ಯಾಂಡಿನವರೆಗೂ ಓಡಿದ. ಎಂಥ ಭಕ್ತಿಗೂ ಕರಗದ ಜಿಪುಣ ಎಂದು ಶಿಕ್ಷಕರು ಮಾತಾಡಿಕೊಂಡರು.

ಶಂಕ್ರೆವ್ವ ಗೋಡೆಯ ಹತ್ತಿರ ಬಂದು, “ಯಲ್ಲಾಲಿಂಗಾ, ಈಗ ಕಂಬಳಿ ಸುಡಂಗಿಲ್ಲೇನೋ?” ಎಂದು ಮೆಲ್ಲಗೆ ಕೇಳಿದಳು. ಅವನು ಹಂಡೆಗೆ ಇನ್ನೊಂದು ಕೊಡ ನೀರು ಹೊಯ್ದ.

ಸುಂದರವ್ವ ಮತ್ತೆ ಮಲಗಿದಳು. ಗಲ್ಲ ಒಳಗೆ ಹೋದವು. ದಿನಕ್ಕೆ ಎಷ್ಟೋ ಬಟ್ಟಲು ಬೇವಿನ ನೀರು ಕುಡಿದು ನಾಲಿಗೆಗೆ ರೊಟ್ಟಿಯ ರುಚಿಯೂ ಹತ್ತದಾಯಿತು. “ಯಲ್ಲ್ಯಾ, ಒಂದ ವಾಟೆ ಸಾರು ಕೊಡೋ. ಒಂದ ವಾಟೆ” ಎಂದು ಮಗನ ಕೈ ಹಿಡಿಯುತ್ತಿದ್ದಳು.

“ಸ್ವಲ್ಪ ತಡಿ ಬೇ. ಪರೀಕ್ಷಾ ಮುಗೀಲಿ.”

ಪರೀಕ್ಷೆ ಮುಗಿಯಿತು. ಆಗ ಗುರೂಜಿ, ವಾರ್ಷಿಕೋತ್ಸವದಲ್ಲಿ ಅಜ್ಜಿಯನ್ನು ಸನ್ಮಾನಿಸಿ, ಆಕೆಯ ಮೊಮ್ಮಗಳಿಗೆ ಹತ್ತನೆಯ ಇಯತ್ತೆಯವರೆಗೆ ಫೀ ಮಾಫಿ ಮಾಡುವುದಾಗಿ ಹೇಳಿದರು. “ವಾರ್ಷಿಕೋತ್ಸವ ಒಂದು ಆಗಲಿ ಬೇ” ಎಂದ ಯಲ್ಲಾಲಿಂಗ. ಇನ್ನು ಮುಂದೆ ಉಮಾಶ್ರೀಯ ಸಾಲಿಗೆ ಯಾರೂ ಏನೂ ಕೊಡಬೇಕಾಗಿರಲಿಲ್ಲ, ಸುಂದರವ್ವ ಒಬ್ಬಳ ಹೊರತು.

ಅವನು ಕೆಟ್ಟ ಮಗನಲ್ಲ. ಅವ್ವನ ಕಾಲೊತ್ತುತ್ತಿದ್ದ, ಅಳುತ್ತಲೂ ಇದ್ದ. ಆದರೆ ಅತ್ತು ಎದ್ದವನು ಮತ್ತೆ ಹಂಡೆಗೇ ಬೇವಿನ ಚಕ್ಕೆ ಹಾಕುತ್ತಿದ್ದ. ಇಂಥವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ, ಆಮೇಲೆ ಮರುಕ ಬರುತ್ತದೆ, ಆಮೇಲೆ ಮತ್ತೆ ಸಿಟ್ಟು ಬರುತ್ತದೆ.

ಕೊನೆಗೆ ತಿರುಗಿಬಿದ್ದವಳು ರೇಷ್ಮಾ. ಒಂದು ರವಿವಾರ ಬೆಳಿಗ್ಗೆ ತಲೆಬಾಗಿಲಿಗೆ ಅಗಳಿ ಹಾಕಿ, “ಇವತ್ತ ಕಷಾಯ ಇಲ್ಲ, ಯಾರೂ ಬರಬ್ಯಾಡ್ರಿ” ಎಂದು ಕಿಟಕಿಯಿಂದ ಕೂಗಿದಳು. ಉಮಾಶ್ರೀಯನ್ನು ಶಂಕ್ರೆವ್ವನ ಮನೆಗೆ ಅಟ್ಟಿದಳು. ಸಾಬಣ್ಣನನ್ನು ಹಿತ್ತಲ ಬಾಗಿಲಿನಿಂದ ಕರೆದಳು. “ಸಾಲಿ ಹೋದ್ರ ಹೋಗ್ಲಿ. ಅತ್ತಿ ಹೋದ್ರ ಎಲ್ಲಿಂದ ತರತೀರಿ?” ಎಂದು ಗಂಡನ ಮುಂದೆಯೇ ಕಾಲು ಸುಡತೊಡಗಿದಳು. ಯಲ್ಲಾಲಿಂಗ ತಡೆಯಲಿಲ್ಲ. ಮೂಲೆಯ ಹಾಸಿಗೆಯಲ್ಲಿ ಸುಂದರವ್ವ ಮೂಗು ಅರಳಿಸಿದಳು. “ಮೆಣಸು ಮುಂದ ಹಾಕ” ಎಂದು ಸೊಸೆಗೆ ಬುದ್ಧಿ ಹೇಳಿದಳು. ಬಹಳ ದಿನಗಳ ಮೇಲೆ ತಾನಾಗಿ ಗೋಡೆ ಹಿಡಿದು ಕೂತಳು, ಬಟ್ಟಲನ್ನು ತೊಡೆಯ ಮೇಲೆ ಇಟ್ಟುಕೊಂಡು ಕಾದಳು.

ಸಾರು ಕುದಿ ಬಂದಿತ್ತು. ಇಳಿಸಬೇಕು. ಅಷ್ಟರಲ್ಲಿ ಓಣಿಯಲ್ಲಿ ವ್ಯಾನಿನ ಹಾರ್ನ್ ಕೇಳಿತು.

ವಾರ್ಷಿಕೋತ್ಸವಕ್ಕೆ ಬರಲಾರದ ಅಜ್ಜಿಗೆ ಮನೆಯಲ್ಲೇ ಸನ್ಮಾನ ಮಾಡೋಣವೆಂದು ಗುರೂಜಿ ಶಾಲು, ಹಾರ, ಫೋಟೋದವನೊಂದಿಗೆ ಬಂದಿದ್ದರು. ಬಾಗಿಲು ಬಡಿಯುವ ಸದ್ದು ಕೇಳಿ ಯಲ್ಲಾಲಿಂಗನಿಗೆ ಏನು ತೋಚಿತೋ, ಅವ್ವನ ಮೈಮೇಲಿನ ಕಂಬಳಿಯನ್ನೇ ಎಳೆದು ಹಿತ್ತಲ ಒಲೆ, ಗಡಿಗೆ ಎರಡರ ಮೇಲೂ ಹೊದಿಸಿ ಬಾಗಿಲಿಗೆ ಓಡಿದ.

ಗುರೂಜಿ ಶಾಲು ಹೊದಿಸಿದರು. “ಆರೋಗ್ಯಮಾತೆ” ಎಂದು ಶುರು ಮಾಡಿದ ಭಾಷಣ ಅರ್ಧಕ್ಕೆ ಬಂದಿತ್ತು. ಹಿತ್ತಲಿನಿಂದ ಹೊಗೆ ಸುತ್ತಿ ಒಳಗೆ ಬಂತು. ಶಂಕ್ರೆವ್ವನ ದನಿ ಸರಿಯಾದ ಹೊತ್ತಿಗೆ ಗೋಡೆ ದಾಟಿತು: “ಏ ಯಲ್ಲಾಲಿಂಗಾ, ಕಂಬಳಿ ಸುಡಾಕತ್ತೈತೇನೋ?”

ಅಷ್ಟು ರವಿವಾರಗಳಲ್ಲಿ ಮೊದಲ ಸಲ ಅದು ನಿಜವಾಗಿತ್ತು. ಕಂಬಳಿ ಧಗಧಗ ಉರಿಯುತ್ತಿತ್ತು. ಶಿಕ್ಷಕರು ಓಡಿದರು. ಒಬ್ಬರು ಕೋಲಿನಿಂದ ಕಂಬಳಿ ಎಳೆದರು, ಜೊತೆಗೆ ಗಡಿಗೆಯೂ ಉರುಳಿತು. ಬಾಕಿಯವರು ಕೈಗೆ ಸಿಕ್ಕ ಹಂಡೆಯನ್ನೇ ಎತ್ತಿ, ನಿನ್ನೆಯ ಕಷಾಯವನ್ನೆಲ್ಲ ಅದರ ಮೇಲೆ ಸುರಿದರು. ಬೂದಿ, ಬೇವಿನ ಚಕ್ಕೆ, ಎಲವು, ಸಾರು ಎಲ್ಲ ಗುರುತು ಸಿಗದಂತೆ ಕಲಸಿ ಹಿತ್ತಲ ಮೋರಿಗೆ ಹರಿಯಿತು. “ಅಜ್ಜಿಯ ಕಷಾಯವೇ ಮನೆಯನ್ನು ಉಳಿಸಿತು!” ಎಂದು ಗುರೂಜಿ ಕೈಮುಗಿದರು. ಫೋಟೋದವನು ಫೋಟೋ ಹೊಡೆದ.

ಸುಂದರವ್ವ ಖಾಲಿ ಬಟ್ಟಲು ಹಿಡಿದು ಕೂತಿದ್ದಳು. ಗಾಳಿಯನ್ನು ಒಮ್ಮೆ ಮೂಸಿದಳು.

“ಈ ಸಲ ಖರೇ ಕಂಬಳಿನ ಸುಟ್ಟೈತಿ” ಎಂದಳು. ಆಮೇಲೆ ಗೋಡೆಯ ಕಡೆ ಹೊರಳಿ ಮಲಗಿದಳು. ಮತ್ತೆ ಯಾರ ಜೊತೆಗೂ ಮಾತಾಡಲಿಲ್ಲ. ಆ ವಾರ ತುಂಬುವುದರೊಳಗೆ, ಒಂದು ಬೆಳಿಗ್ಗೆ, ರೇಷ್ಮಾ ಮುಖ ತೊಳೆಸಲು ಹೋದರೆ ಆಕೆ ತಣ್ಣಗಾಗಿದ್ದಳು.

ಮಣ್ಣು ಮಾಡಿದ ಮೂರನೆಯ ದಿನ ಸತ್ತವರಿಗೆ ಪ್ರಿಯವಾದದ್ದನ್ನೆಲ್ಲ ಸಮಾಧಿಯ ಮೇಲೆ ಎಡೆ ಇಟ್ಟು, ಕಾಗೆ ಮುಟ್ಟುವುದನ್ನು ಕಾಯುತ್ತಾರೆ. ಮುಟ್ಟಿದರೆ ಜೀವ ತೃಪ್ತಿಯಾಯಿತೆಂದು ಲೆಕ್ಕ. ಸತ್ಯಧಾಮದ ಮಕ್ಕಳು ಸಮವಸ್ತ್ರದಲ್ಲಿ ಸಾಲಾಗಿ ನಿಂತವು, ಗುರೂಜಿ ಮುಂದೆ. ಓಣಿಯವರು, ಸಾಬಣ್ಣನ ಮಂದಿ, ಧರಣೇಂದ್ರರು ಎಲ್ಲ ಇದ್ದರು. ಎಲೆಯ ಮೇಲೆ ಹೋಳಿಗೆ ಇತ್ತು, ಜೋಳದ ರೊಟ್ಟಿ ಇತ್ತು, ಎಲೆಅಡಿಕೆ ಇತ್ತು. ಬೇವಿನ ಮರದ ಮೇಲೆ ಕಾಗೆಗಳೂ ಇದ್ದವು. ಒಂದೂ ಇಳಿಯಲಿಲ್ಲ.

“ಕಷಾಯ ಇಡಲಿಲ್ಲವೇ?” ಎಂದರು ಗುರೂಜಿ. ತಾವೇ ಒಂದು ಬಟ್ಟಲು ತಂದು ನಡುವೆ ಇಟ್ಟರು. ಮರದ ಮೇಲಿದ್ದ ಕಾಗೆಗಳಲ್ಲಿ ಅರ್ಧ ಎದ್ದು ಹೊಲದ ಕಡೆ ಹಾರಿಹೋದವು.

ಬಿಸಿಲು ಏರಿತು. ಹಿರಿಯರು ಪಿಸುಗುಟ್ಟಿದರು, “ಮುದುಕಿದು ಏನೋ ಆಸೆ ಉಳದೈತಿ.” ಏನು ಆಸೆಯೆಂದು ಇಡೀ ಓಣಿಗೆ ಗೊತ್ತಿತ್ತು. ಶಂಕ್ರೆವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ಸಾಬಣ್ಣ ನೆಲ ನೋಡಿದ. ರೇಷ್ಮಾ ಗಂಡನನ್ನು ನೋಡಿದಳು. ಒಬ್ಬೊಬ್ಬರಾಗಿ ಎಲ್ಲರೂ ಯಲ್ಲಾಲಿಂಗನ ಕಡೆ ತಿರುಗಿದರು. ಧರಣೇಂದ್ರರು ಹತ್ತಿರ ಬಂದು ಕಿವಿಯಲ್ಲಿ, “ಹೇಳ್ಬಿಡೋ. ಈಗರ ಹೇಳ್ಬಿಡು” ಎಂದರು.

“ಅವರಿಗೆ ಏನಾದರೂ ಬಯಕೆ ಇತ್ತೇ ಮಾನ್ಯರೇ?” ಎಂದು ಕೇಳಿದರು ಗುರೂಜಿ.

ಯಲ್ಲಾಲಿಂಗ ಬಾಯಿ ತೆರೆದ. ಮಕ್ಕಳ ಸಾಲನ್ನು ನೋಡಿ ಮತ್ತೆ ಮುಚ್ಚಿದ. ಅಷ್ಟರಲ್ಲಿ ಸಾಲಿನಿಂದ ಉಮಾಶ್ರೀ ಮುಂದೆ ಬಂದಳು. ಕಣ್ಣು ಮುಚ್ಚಿದಳು. ಎದೆಯ ಮೇಲೆ ಕೈಯಿಟ್ಟಳು.

“ನನ್ನ ಅಜ್ಜಿಗೆ ಯಾವ ಆಸೆಯೂ ಉಳಿದಿರಲಿಲ್ಲ. ಅವರು ಪ್ರತಿದಿನ ಸಂತೋಷದಿಂದ ಕಷಾಯ ಕುಡಿಯುತ್ತಿದ್ದರು. ತೃಪ್ತಿಯಿಂದ ದೇವರ ಪಾದ ಸೇರಿದ್ದಾರೆ. ಇದು ಸತ್ಯ.”

ದನಿಯಲ್ಲಿ ಒಂದು ಅಳುಕಿರಲಿಲ್ಲ. ಗುರೂಜಿಯ ಕಣ್ಣು ತುಂಬಿದವು. ಜುಬ್ಬಾದ ಕಿಸೆಯಿಂದ ಸತ್ಯರತ್ನದ ಬಿಲ್ಲೆ ತೆಗೆದು, ಸಮಾಧಿಯ ಮುಂದೆಯೇ ಅವಳ ಎದೆಗೆ ಚುಚ್ಚಿದರು. ಯಲ್ಲಾಲಿಂಗನಿಗೆ ಮೈಯೆಲ್ಲ ಹಗುರಾಯಿತು. ಪುಣ್ಯಕ್ಕೆ ಹುಡುಗಿಗೆ ಏನೂ ಗೊತ್ತಿಲ್ಲ ಎಂದು ಬೀರಪ್ಪನಿಗೆ ಕೈಮುಗಿದ. ಜನ ಚದುರಿದರು. ವ್ಯಾನು ಹೋಯಿತು.

ಎಲೆ ಎತ್ತಲು ತಂದೆ, ಮಗಳು ಇಬ್ಬರೇ ಉಳಿದರು. ಉಮಾಶ್ರೀ ಬಿಲ್ಲೆ ಬಿಚ್ಚಿ ಕಿಸೆಗೆ ಹಾಕಿಕೊಂಡಳು. ಕಷಾಯದ ಬಟ್ಟಲನ್ನು ಎತ್ತಿ ದೂರ ಚೆಲ್ಲಿ ಬಂದಳು. ಸಾಲಿಯ ಚೀಲದಿಂದ ತನ್ನ ಊಟದ ಡಬ್ಬಿ ತೆಗೆದು ಮುಚ್ಚಳ ಬಿಚ್ಚಿದಳು. ಮೆಣಸಿನ ಘಮ ಬಂತು.

“ಇದೇನ್ ಬೇ?”

“ಸಾಬಣ್ಣಜ್ಜಗ ಹೇಳಿ ಹಿಪ್ಪರಗ್ಯಾಗ ಮಾಡಿಸೇನಿ. ಅಜ್ಜನ ತಂದುಕೊಟ್ಟ.”

“ನಿನಗ... ನಿನಗ ಯಾರ ಹೇಳಿದ್ರು?”

“ಯಾರ ಹೇಳಬೇಕಪ್ಪಾ? ಅಜ್ಜಿ ರವಿವಾರಕ್ಕೊಮ್ಮೆ ಕಂಬಳ್ಯಾಗ ನನಗೂ ಎಲವು ಚೀಪಾಕ ಕೊಡತಿದ್ಳು. ಮೊದಲಿಂದ ಗೊತ್ತೈತಿ.”

ಯಲ್ಲಾಲಿಂಗ ಎತ್ತಲು ಹಿಡಿದ ಎಲೆಯನ್ನು ಅಲ್ಲೇ ಬಿಟ್ಟ. ಯಾರಿಗೆ ಗೊತ್ತಾಗಬಾರದೆಂದು ಅವ್ವನಿಗೆ ಬೇವು ಕುಡಿಸಿದನೋ, ಅವಳಿಗೆ ಮೊದಲೇ ಗೊತ್ತಿತ್ತು. “ಮತ್ತ ಸತ್ಯಸಭೆದಾಗ ಕಷಾಯ ಅಂತ ಯಾಕ ಹೇಳಿದಿ?”

“ಕಣ್ಣು ಮುಚ್ಚಿ ಎದಿ ಮ್ಯಾಲ ಕೈ ಇಟ್ಟು ಹೇಳಿದ್ರ ಎಲ್ಲಾರೂ ನಂಬತಾರ. ಅಲ್ಲಿ ಎಲ್ಲಾ ಹುಡುಗ್ರೂ ಹಂಗ ಮಾಡತಾವು.” ಉಮಾಶ್ರೀ ಎಲೆಯ ನಡುವೆ ಡಬ್ಬಿ ಇಟ್ಟು, ಅದರ ಸುತ್ತ ಮಣ್ಣು ಒತ್ತಿದಳು. “ಖರೆ ಹೇಳಿದ್ರ ಹೆಸರು ತಗೀತಿದ್ರು. ನಿಮಗ ಆ ಸಾಲಿ ಭಾಳ ಸೇರಿತ್ತಲ್ಲಪ್ಪಾ.”

ಅವನು ಅಲ್ಲೇ ನಿಂತು ಸಣ್ಣ ಹುಡುಗನಂತೆ ಅತ್ತ. ಮಗಳು ಅಂಗಿಯ ತುದಿ ಹಿಡಿದು ಎಳೆದಳು.

“ಎಪ್ಪಾ, ನೀವು ಆ ಕಡೆ ಮಾರಿ ಮಾಡಿ ನಿಂದರ್ರಿ.”

“ಯಾಕ ಬೇ?”

“ನೋಡಿದ್ರ, ನಾಳೆ ಗುರೂಜಿ ಕೇಳಿದಾಗ ಸುಳ್ಳ ಹೇಳಬೇಕಾಗತೈತಿ. ನಿಮಗ ಹೇಳಾಕ ಬರಂಗಿಲ್ಲ.”

ಯಲ್ಲಾಲಿಂಗ ಮುಖ ತಿರುಗಿಸಿ ನಿಂತ. ಸ್ವಲ್ಪ ಹೊತ್ತಿನ ಮೇಲೆ ಅವನ ಬೆನ್ನ ಹಿಂದೆ ರೆಕ್ಕೆ ಬಡಿದ ಸದ್ದು ಕೇಳಿಸಿತು.